ಅಜ್ಜಿಗೆ ಹಾಸಿಗೆ, ಅಮ್ಮನಿಗೆ ನಿದ್ದೆ: ಊರಿನ ಆಸ್ಪತ್ರೆಗಳಿಂದ ಸದ್ದಿಲ್ಲದೆ ಹೋದ ಸೌಲಭ್ಯ

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಲಕ್ವ ಹೊಡೆದವರನ್ನು ಡಿಸ್ಚಾರ್ಜ್ ಮಾಡುವಾಗ ನರ್ಸ್ ಮನೆಯವರಿಗೆ ಹೇಳುವ ಮಾತಿದು. ಒಂದೇ ಮಗ್ಗುಲಲ್ಲಿ ಬಿಟ್ಟರೆ ಮೂಳೆ ಒತ್ತುವ ಜಾಗದಲ್ಲಿ, ಅಂದರೆ ಸೊಂಟ, ಬೆನ್ನಿನ ಬುಡ, ಹಿಮ್ಮಡಿಗಳಲ್ಲಿ, ಚರ್ಮಕ್ಕೆ ರಕ್ತ ಹರಿಯದೆ ಹುಣ್ಣಾಗುತ್ತದೆ. ಒಮ್ಮೆ ಆಯಿತೆಂದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಎರಡು ಗಂಟೆಗೊಮ್ಮೆ ಅಂದರೆ ದಿನಕ್ಕೆ 12 ಸಲ, ವರ್ಷಕ್ಕೆ 4,380 ಸಲ. ಇದರಲ್ಲಿ ರಾತ್ರಿ ಹನ್ನೆರಡು, ಎರಡು, ನಾಲ್ಕು ಗಂಟೆಯ ಸರದಿಗಳೂ ಸೇರಿವೆ.

ಸಕಲೇಶಪುರ ಸೀಮೆಯ ನಮ್ಮ ಮನೆಯಲ್ಲಿ ಅಮ್ಮ ಈ ಕೆಲಸವನ್ನು ಆರು ವರ್ಷ ಮಾಡಿದಳು. ಅಜ್ಜಿಯ ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋಗಿದ್ದವು. ಮೊದಲ ಮೂರು ವರ್ಷ ಅಮ್ಮನಿಗೆ ಒಂದು ಆಸರೆ ಇತ್ತು. ಹತ್ತಿರದ ಪೇಟೆಯಲ್ಲಿ ಹನ್ನೆರಡು ಮಂಚಗಳ ಒಂದು ಸಣ್ಣ ಆಸ್ಪತ್ರೆ. ಅಲ್ಲಿನ ವಯಸ್ಸಾದ ಡಾಕ್ಟರು ಅಜ್ಜಿಯ ಬಿಪಿ ನೋಡಿದ ಮೇಲೆ ಅಮ್ಮನ ಮುಖ ನೋಡುತ್ತಿದ್ದರು. "ನಾಲ್ಕು ದಿನ ಇಲ್ಲೇ ಇರ್ಲಿ ಬಿಡಮ್ಮ, ಒಂದು ಬಾಟ್ಲಿ ಗ್ಲೂಕೋಸ್ ಹಾಕಿ ನೋಡೋಣ" ಎನ್ನುತ್ತಿದ್ದರು. ಗ್ಲೂಕೋಸ್ ನೆಪ ಮಾತ್ರ. ಅಜ್ಜಿಯನ್ನು ಆಯಾ ನೋಡಿಕೊಳ್ಳುತ್ತಿದ್ದಳು, ಅಮ್ಮ ಮನೆಗೆ ಬಂದು ಮಲಗುತ್ತಿದ್ದಳು. ಒಂದು ಸಲ ಸಂಜೆ ಆರಕ್ಕೆ ಮಲಗಿದವಳು ಮರುದಿನ ಹತ್ತು ಗಂಟೆಗೆ ಎದ್ದದ್ದು ನನಗೆ ನೆನಪಿದೆ. ಏನೋ ಆಗಿದೆ ಎಂದು ನಾವು ಹೆದರಿದ್ದೆವು.

ಆ ನಾಲ್ಕು ದಿನಕ್ಕೆ ವೈದ್ಯಕೀಯದಲ್ಲಿ ರೆಸ್ಪೈಟ್ ಕೇರ್ ಎಂಬ ಹೆಸರಿದೆ. ಬಿಡುವಿನ ಆರೈಕೆ ಎನ್ನಬಹುದು. ವಯಸ್ಸಾದವರನ್ನು ಕೆಲವು ದಿನ ಬೇರೆಯವರು ನೋಡಿಕೊಳ್ಳುವುದು, ವರ್ಷಪೂರ್ತಿ ನೋಡಿಕೊಳ್ಳುವವರು ಆ ಹೊತ್ತಿನಲ್ಲಿ ನಿದ್ದೆ ಮಾಡುವುದು, ತಮ್ಮ ಕಾಯಿಲೆಗೆ ಔಷಧಿ ತರುವುದು, ಮದುವೆಗೆ ಹೋಗಿ ಬರುವುದು. ವೃದ್ಧಾಶ್ರಮಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಹೋದವರು ಇಂಥ ದಿನ ಮನೆಗೆ ಬರುತ್ತಾರೆ ಎಂಬುದು ಮೊದಲೇ ಗೊತ್ತಿರುತ್ತದೆ. ಮಂಚದ ಮೇಲೆ ಮಲಗುವವರು ಒಬ್ಬರು, ಚಿಕಿತ್ಸೆ ಸಿಗುವುದು ಇನ್ನೊಬ್ಬರಿಗೆ.

ದಣಿದ ಹೆಂಗಸಿಗೆ ವಿಶ್ರಾಂತಿ ಬೇಕೆಂಬುದು ನಮ್ಮವರಿಗೆ ಗೊತ್ತಿಲ್ಲದ ವಿಷಯವಲ್ಲ. ಹೆತ್ತವಳಿಗೆ ಬಾಣಂತನ ಇದೆ. ಹೊಸದಾಗಿ ಮದುವೆಯಾದವಳನ್ನು ಆಷಾಢದಲ್ಲಿ ತವರಿಗೆ ಕಳಿಸುತ್ತೇವೆ. ಮುದುಕರ ವಿಷಯದಲ್ಲಿ ಸರದಿ ಇತ್ತು: ಮೂವರು ಗಂಡುಮಕ್ಕಳಿದ್ದರೆ ಅವ್ವ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ತಿಂಗಳು. ಅವ್ವನನ್ನು ಚೆಂಡಿನಂತೆ ಎಸೆದಾಡುತ್ತಾರೆ ಎಂದು ಅದನ್ನು ಬಯ್ದವರೇ ಹೆಚ್ಚು, ಬಯ್ಯುವಂತೆ ನಡೆಸಿದವರೂ ಇದ್ದರು. ಆದರೆ ಆ ಏರ್ಪಾಟಿನಲ್ಲಿ ಪ್ರತಿ ಸೊಸೆಗೂ ಮೂರರಲ್ಲಿ ಎರಡು ತಿಂಗಳು ಬಿಡುವಿತ್ತು. ಸರದಿ ನಡೆಯಬೇಕಾದರೆ ಮೂರೂ ಮನೆ ಎತ್ತಿನಗಾಡಿಯೋ ಜೀಪೋ ಹೋಗುವಷ್ಟು ಹತ್ತಿರ ಇರಬೇಕು.

ಈಗ ಮನೆಗಳು ಎಲ್ಲಿವೆ? 2001ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905. 2011ರಲ್ಲಿ 11,37,961. ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ಶೇಕಡಾ 15.6 ಹೆಚ್ಚಾದಾಗ ಈ ಜಿಲ್ಲೆ ಇದ್ದ ಜನರನ್ನೂ ಕಳೆದುಕೊಂಡಿತು. ಹಾಸನ ಬೆಳೆದದ್ದು ಶೇಕಡಾ 3ರಷ್ಟು ಮಾತ್ರ. ಮಕ್ಕಳು ಕಡಿಮೆ ಹುಟ್ಟಿದ್ದು ಒಂದು ಕಾರಣ, ಬೆಂಗಳೂರಿನ ಬಸ್ಸು ಹತ್ತಿದ್ದು ಇನ್ನೊಂದು. ಹೋದವರು ದುಡಿಯುವ ವಯಸ್ಸಿನವರು, ಉಳಿದವರು ಅಪ್ಪ ಅಮ್ಮ. ಆ ಜನಗಣತಿಯ ಪ್ರಕಾರ ರಾಜ್ಯದಲ್ಲಿ 60 ದಾಟಿದವರು ಶೇಕಡಾ 9.5. ಆ ಸರಾಸರಿಯನ್ನೇ ಹಿಡಿದರೂ ಹಾಸನ ಜಿಲ್ಲೆಯಲ್ಲಿ 1.6 ಲಕ್ಷಕ್ಕೂ ಹೆಚ್ಚು, ಚಿಕ್ಕಮಗಳೂರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಿರಿಯರು ಆಗಲೇ ಇದ್ದರು. ಕೊಪ್ಪ, ಶೃಂಗೇರಿ, ಕಳಸದ ಕಡೆ ಸಂಜೆ ಹೊತ್ತು ನಡೆದುಹೋದರೆ ದೊಡ್ಡ ಮನೆಯಲ್ಲಿ ಒಂದೇ ಕೋಣೆಯ ದೀಪ ಉರಿಯುವುದು ಕಾಣುತ್ತದೆ. ಇಬ್ಬರೇ ಇರುತ್ತಾರೆ. ಎಷ್ಟೋ ಮನೆಗಳಲ್ಲಿ 80ರ ಗಂಡನನ್ನು 74ರ ಹೆಂಡತಿ ಎತ್ತಿ ಕೂರಿಸುತ್ತಿರುತ್ತಾಳೆ.

ಈ ದಣಿವು ಮನಸ್ಸಿಗೆ ಸಂಬಂಧಿಸಿದ್ದು ಮಾತ್ರ ಎಂದುಕೊಳ್ಳಬೇಡಿ. 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 66ರಿಂದ 96 ವಯಸ್ಸಿನ ದಂಪತಿಗಳನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನ ಅದು. ಸಂಗಾತಿಯನ್ನು ನೋಡಿಕೊಳ್ಳುತ್ತಾ ಅದರಿಂದ ಬಸವಳಿದಿದ್ದೇವೆ ಎಂದವರು ಸಾಯುವ ಸಂಭವ, ಆ ಹೊರೆ ಇಲ್ಲದವರಿಗಿಂತ ಶೇಕಡಾ 63 ಹೆಚ್ಚಿತ್ತು. ನೋಡಿಕೊಳ್ಳುತ್ತಿದ್ದರೂ ಬಸವಳಿಯದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಆರೈಕೆ ಮಾಡುವುದೇ ಆಯಸ್ಸು ಕಡಿಮೆ ಮಾಡುತ್ತದೆ ಎಂಬುದನ್ನು ನಂತರದ ದೊಡ್ಡ ಅಧ್ಯಯನಗಳು ಒಪ್ಪಲಿಲ್ಲ. ನನಗೆ ಈ ಎರಡೂ ಒಂದನ್ನೇ ಹೇಳುತ್ತಿವೆ ಎನ್ನಿಸುತ್ತದೆ. ಸೇವೆ ಯಾರನ್ನೂ ಕೊಲ್ಲುವುದಿಲ್ಲ, ಬಿಡುವಿಲ್ಲದ ಸೇವೆಯಲ್ಲಿ ಅಪಾಯವಿದೆ. ನಮ್ಮಮ್ಮನ ಬಿಪಿ 180 ದಾಟಿದ್ದು ಗೊತ್ತಾದದ್ದು ಅಜ್ಜಿಯ ಬಿಪಿ ನೋಡಲು ಮನೆಗೆ ಬಂದಿದ್ದ ಆರೋಗ್ಯ ಸಹಾಯಕಿ ಸುಮ್ಮನೆ ಅವಳ ಕೈಗೂ ಪಟ್ಟಿ ಸುತ್ತಿದಾಗ.

ಹೋದದ್ದು ಹೇಗೆ

ನಾಲ್ಕನೇ ವರ್ಷ ಆ ಸಣ್ಣ ಆಸ್ಪತ್ರೆ ಮುಚ್ಚಿತು. ಡಾಕ್ಟರಿಗೆ ವಯಸ್ಸಾಗಿತ್ತು, ಅವರ ಮಕ್ಕಳು ಇಲ್ಲಿರಲಿಲ್ಲ. ಮಲೆನಾಡಿನ ಪೇಟೆಗಳಲ್ಲಿ ಒಬ್ಬ ಡಾಕ್ಟರ ಹೆಸರಿನ ಮೇಲೆ ನಿಂತಿದ್ದ ಎಷ್ಟೋ ನರ್ಸಿಂಗ್ ಹೋಮುಗಳು ಹೀಗೇ ಹೋದವು. ಅಮ್ಮ ಅಜ್ಜಿಯನ್ನು ಬೇರೊಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಒಳ್ಳೆಯವರೇ. ಎಲ್ಲ ನೋಡಿ, "ಸದ್ಯಕ್ಕೆ ಇವ್ರಿಗೆ ಏನೂ ತೊಂದ್ರೆ ಇಲ್ವಲ್ಲ, ಏನಂತ ಅಡ್ಮಿಟ್ ಮಾಡ್ಕೊಳ್ಳಿ?" ಎಂದು ಕೇಳಿದರು. ಅಮ್ಮನ ಹತ್ತಿರ ಉತ್ತರ ಇರಲಿಲ್ಲ. ನನಗೇ ನಿದ್ದೆ ಇಲ್ಲ ಎಂದು ಹೇಳುವುದಕ್ಕೆ ನಾಚಿಕೆಯಾಯಿತಂತೆ.

ಆ ಡಾಕ್ಟರ ಪ್ರಶ್ನೆಯಲ್ಲೇ ಇಡೀ ವಿಷಯ ಅಡಗಿದೆ. ಇವತ್ತಿನ ಆಸ್ಪತ್ರೆಯಲ್ಲಿ ಒಂದು ಮಂಚಕ್ಕೆ ರೋಗಿ ಬರಬೇಕಾದರೆ ಒಂದು ಕಾಯಿಲೆಯ ಹೆಸರು ಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಂಥ ಯೋಜನೆಗಳಲ್ಲಿ ಆಸ್ಪತ್ರೆಗೆ ಹಣ ಸಿಗುವುದು ಪ್ಯಾಕೇಜಿನ ಲೆಕ್ಕದಲ್ಲಿ: ಇಂಥ ಕಾಯಿಲೆಗೆ, ಇಂಥ ಆಪರೇಷನ್ನಿಗೆ ಇಷ್ಟು. ಇದರಿಂದ ಬಡವರಿಗೆ ಆದ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸೊಸೆಗೆ ದಣಿವಾಗಿದೆ ಎಂಬುದಕ್ಕೆ ಪ್ಯಾಕೇಜ್ ಇಲ್ಲ. ಹಿಂದೆ "ವೀಕ್‌ನೆಸ್" ಎಂದು ಬರೆದು ಮಂಚ ಕೊಡುವ ಸಡಿಲು ಒಬ್ಬ ಡಾಕ್ಟರ ವಿವೇಚನೆಯಲ್ಲಿತ್ತು. ಲೆಕ್ಕ ಬಿಗಿಯಾದಾಗ ಮೊದಲು ಹೋದದ್ದು ಅದು.

ಸ್ವಂತ ದುಡ್ಡಿನಲ್ಲಿ ಆರೋಗ್ಯ ವಿಮೆ ಮಾಡಿಸಿದವರು ಪಾಲಿಸಿ ಪುಸ್ತಕ ತೆಗೆದು, ಯಾವುದಕ್ಕೆ ಹಣ ಕೊಡುವುದಿಲ್ಲ ಎಂಬ ಭಾಗವನ್ನು ಓದಿ ನೋಡಿ. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಂದೇ ಮಾದರಿಯಲ್ಲಿ ಬರೆದುಕೊಟ್ಟ ಪಟ್ಟಿ ಅದು. ಅದರ 05ನೇ ಸಂಕೇತದ ತಲೆಬರಹದಲ್ಲಿ ವಿಶ್ರಾಂತಿ ಚಿಕಿತ್ಸೆ, ಪುನಶ್ಚೇತನದ ಜೊತೆ "ರೆಸ್ಪೈಟ್ ಕೇರ್" ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಓಡಾಡಿಸುವುದು ಇವೆಲ್ಲವೂ ಆ ಹೊರಗಿಟ್ಟ ಪಟ್ಟಿಗೆ ಸೇರಿವೆ. ಆರು ವರ್ಷ ಅಮ್ಮ ಮಾಡಿದ ಕೆಲಸದ ಹೆಸರನ್ನು ನಾನು ಮೊದಲ ಸಲ ಓದಿದ್ದು ಅಲ್ಲಿ.

ಇನ್ನು ಸರ್ಕಾರಿ ಆಸ್ಪತ್ರೆ. ಹಾಸನದ ಶ್ರೀ ಚಾಮರಾಜೇಂದ್ರ ಆಸ್ಪತ್ರೆ 2006ರಿಂದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧನಾ ಆಸ್ಪತ್ರೆ. ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯೂ ಈಚೆಗೆ ಮೆಡಿಕಲ್ ಕಾಲೇಜಿಗೆ ಸೇರಿದೆ. ಬೇಕಾದದ್ದೇ. ಹಿಂದೆ ಮಂಗಳೂರಿಗೋ ಬೆಂಗಳೂರಿಗೋ ಆಂಬ್ಯುಲೆನ್ಸಿನಲ್ಲಿ ಓಡುತ್ತಿದ್ದ ಎಷ್ಟೋ ಕೇಸು ಈಗ ಇಲ್ಲೇ ನಿಲ್ಲುತ್ತವೆ. ಬೋಧನಾ ಆಸ್ಪತ್ರೆಯಲ್ಲಿ ಮಂಚಗಳು ಮೆಡಿಸಿನ್, ಸರ್ಜರಿ, ಮೂಳೆ, ಹೆರಿಗೆ ಎಂದು ವಿಭಾಗವಾರು ಹಂಚಿಹೋಗಿರುತ್ತವೆ. ಹೊರಗೆ ಕಾರಿಡಾರಿನಲ್ಲಿ ಜ್ವರದವರು ಕಾಯುತ್ತಿರುವಾಗ, ಸ್ಥಿರವಾಗಿರುವ ಮುದುಕಿಗೆ ನಾಲ್ಕು ದಿನ ಮಂಚ ಕೊಡಿ ಎಂದರೆ ಯಾವ ವಿಭಾಗ ಕೊಡುತ್ತದೆ?

ಕೊಟ್ಟರೂ ಇನ್ನೊಂದು ತೊಡಕಿದೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಮನೆಯವರು ಒಬ್ಬರು ಇರಲೇಬೇಕು. "ಪೇಶೆಂಟ್ ಕಡೆಯವ್ರು ಯಾರಮ್ಮ?" ಎಂದು ಕೂಗಿದಾಗ ಏಳುವವರು ಬೇಕು. ಮಾತ್ರೆ ತರುವುದು, ಬೆಡ್‌ಪ್ಯಾನ್ ಇಡುವುದು, ಗಂಜಿ ಕುಡಿಸುವುದು, ರಕ್ತದ ಸ್ಯಾಂಪಲ್ ಲ್ಯಾಬಿಗೆ ಕೊಡುವುದು, ಮಗ್ಗುಲು ಬದಲಿಸುವುದು ಎಲ್ಲ ಅವರ ಪಾಲು. ಅಂದರೆ ಅಜ್ಜಿಯನ್ನು ಅಡ್ಮಿಟ್ ಮಾಡಿದರೆ ಅಮ್ಮ ಮನೆಯಲ್ಲಿ ಮಾಡುವ ಕೆಲಸವನ್ನೇ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಾಡಬೇಕು. ಆ ಹನ್ನೆರಡು ಮಂಚದ ಆಸ್ಪತ್ರೆಯಲ್ಲಿ ಅಮ್ಮನಿಗೆ ಬಿಡುವು ಸಿಕ್ಕಿದ್ದು ಮಂಚದಿಂದಲ್ಲ, ಆಯಾಳಿಂದ. ಊಟ ಮಾಡಿಸುವ, ಹೊರಳಿಸುವ, ಒದ್ದೆಯಾದರೆ ಬದಲಿಸುವ ಎರಡು ಕೈಗಳಿಂದ. ಮಂಚ ಕೇಳುವವರು ಆ ಕೈಗಳನ್ನೂ ಕೇಳದಿದ್ದರೆ ಪ್ರಯೋಜನವಿಲ್ಲ.

ಬೇರೆಡೆ ಏನಾಯಿತು

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಬ್ರಿಟನ್ನಿನಲ್ಲಿ ಸಣ್ಣ ಊರಿನ ಆಸ್ಪತ್ರೆಗಳ ದೊಡ್ಡ ಪರಂಪರೆ ಇದೆ. ಅಂಥ ಮೊದಲ ಆಸ್ಪತ್ರೆ ಶುರುವಾದದ್ದು 1859ರಲ್ಲಿ, ಸರ್ರೆಯ ಕ್ರ್ಯಾನ್ಲಿ ಎಂಬ ಹಳ್ಳಿಯಲ್ಲಿ. ಊರಿನ ಡಾಕ್ಟರೇ ನಡೆಸುತ್ತಿದ್ದ ಇಂಥ ಜಾಗಗಳಲ್ಲಿ ಮುದುಕರನ್ನು ಒಂದೆರಡು ವಾರ ಇಟ್ಟುಕೊಂಡು ಮನೆಯವರಿಗೆ ಬಿಡುವು ಕೊಡುವುದು ಬಳಕೆಯಲ್ಲಿತ್ತು. ಅಲ್ಲಿ ಎರಡು ಏರ್ಪಾಟುಗಳು ಒಂದೇ ದಿನ, 1948ರ ಜುಲೈ 5ರಂದು ಶುರುವಾದವು. ಒಂದು, ಎಲ್ಲರಿಗೂ ಉಚಿತವಾದ ರಾಷ್ಟ್ರೀಯ ಆರೋಗ್ಯ ಸೇವೆ. ಇನ್ನೊಂದು, ಆದಾಯ ನೋಡಿ ಹಣ ವಸೂಲು ಮಾಡುವ, ಸ್ಥಳೀಯ ಆಡಳಿತಗಳ ಆರೈಕೆ ವ್ಯವಸ್ಥೆ. ಬಿಡುವಿನ ಆರೈಕೆ ಈ ಎರಡರ ನಡುವಿನ ಬಿರುಕಿನಲ್ಲಿ ಬಿತ್ತು. ಇದು ಚಿಕಿತ್ಸೆಯಲ್ಲ, ಆರೈಕೆ ಎಂದು ಆಸ್ಪತ್ರೆ ಕೈಬಿಟ್ಟರೆ ಅದೇ ಕುಟುಂಬ ನಾಳೆ ಖಾಸಗಿ ಆರೈಕೆ ಮನೆಯ ಬಿಲ್ಲು ಕಟ್ಟಬೇಕು. ಮಂಚ ಎಲ್ಲೂ ಮಾಯವಾಗುವುದಿಲ್ಲ. ಅದರ ಖರ್ಚು ಒಂದು ಕಡತದಿಂದ ಇನ್ನೊಂದಕ್ಕೆ, ಕೊನೆಗೆ ಒಬ್ಬ ಹೆಂಗಸಿನ ಬೆನ್ನಿಗೆ ದಾಟುತ್ತದೆ.

ಜಪಾನ್ ಈ ಬಿರುಕನ್ನು ಗುರುತಿಸಿ 2000ದ ಏಪ್ರಿಲ್‌ನಲ್ಲಿ ದೀರ್ಘಕಾಲದ ಆರೈಕೆಗೇ ಬೇರೆ ವಿಮೆ ತಂದಿತು. 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ. ಕೆಲವು ದಿನ ಬಿಟ್ಟು ಬರುವ "ಶಾರ್ಟ್ ಸ್ಟೇ" ಅದರಲ್ಲಿ ಹೆಸರು ಹಿಡಿದು ಬರೆದ ಸೇವೆ. ಅಷ್ಟು ದೂರ ಹೋಗಬೇಕಿಲ್ಲ. ಪಕ್ಕದ ಕೇರಳ 2008ರಲ್ಲಿ ಉಪಶಾಮಕ ಆರೈಕೆಯ, ಅಂದರೆ ಗಂಭೀರ ಕಾಯಿಲೆಯವರ ನೋವು, ನರಳಾಟ ಕಡಿಮೆ ಮಾಡುವ ಆರೈಕೆಯ, ನೀತಿ ಮಾಡಿ, ಪಂಚಾಯ್ತಿಗಳ ಮೂಲಕ ಹಾಸಿಗೆ ಹಿಡಿದವರ ಮನೆಗೇ ನರ್ಸನ್ನು ಕಳಿಸುವ ದಾರಿ ತೋರಿಸಿತು.

ಆಸ್ಪತ್ರೆಯೇ ಬೇಕೇ?

ಡಾಕ್ಟರುಗಳ ಆಕ್ಷೇಪಣೆಯಲ್ಲಿ ನ್ಯಾಯವಿದೆ. ಆಸ್ಪತ್ರೆಯಲ್ಲಿ ಸೋಂಕು ತಗುಲುತ್ತದೆ. ಜಾಗ ಬದಲಾದರೆ ವಯಸ್ಸಾದವರಿಗೆ ದಿಕ್ಕು ತಪ್ಪುತ್ತದೆ. ಮರೆವಿನ ಕಾಯಿಲೆ ಇದ್ದವರಂತೂ ಸಂಜೆಯಾದಂತೆ ಗಾಬರಿ ಬಿದ್ದು ಮನೆಗೆ ಹೋಗಬೇಕೆಂದು ಎದ್ದು ಹೊರಡುತ್ತಾರೆ, ಸೂಜಿ ಕಿತ್ತುಹಾಕುತ್ತಾರೆ. ಕೋಲು ಹಿಡಿದು ಓಡಾಡುವವರನ್ನು ಮಂಚಕ್ಕೆ ಹಾಕಿದರೆ ವಾರದೊಳಗೆ ಕಾಲಿನ ಕಸುವು ಇಳಿಯುತ್ತದೆ. ಹಾಗಾಗಿ ಓಡಾಡುವವರಿಗೆ ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರ ಒಳ್ಳೆಯದು. ಮರೆವಿನವರಿಗೆ ಅವರ ಮನೆಗೇ ಒಬ್ಬರು ಬಂದಿರುವುದು ಇನ್ನೂ ಒಳ್ಳೆಯದು. ಆದರೆ ಮೂಗಿನ ನಳಿಗೆಯಲ್ಲಿ ಊಟ, ಮೂತ್ರಕ್ಕೆ ಪೈಪು, ಡ್ರೆಸಿಂಗ್ ಬೇಕಾದ ಹುಣ್ಣು, ಆಕ್ಸಿಜನ್ ಇರುವವರನ್ನು ಯಾವ ನೆಂಟರೂ ಎರಡು ದಿನ ಇಟ್ಟುಕೊಳ್ಳುವುದಿಲ್ಲ, ಹಗಲು ಕೇಂದ್ರವೂ ಸೇರಿಸುವುದಿಲ್ಲ. ಅಂಥವರಿಗೆ ನರ್ಸ್ ಇರುವ ಜಾಗವೇ ಬೇಕು. ಅವರನ್ನು ನೋಡಿಕೊಳ್ಳುವವರೇ ಎಲ್ಲರಿಗಿಂತ ಹೆಚ್ಚು ದಣಿದವರೂ ಹೌದು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ ಎಂಬುದು ಓದುತ್ತಾ ಹೋದಂತೆ ನನಗೆ ಗೊತ್ತಾಯಿತು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆಯನ್ನು ಮಕ್ಕಳ ಮೇಲೆ ದೂರು ಕೊಡುವ ಕಾಯ್ದೆ ಎಂದೇ ನಾವು ತಿಳಿದಿದ್ದೇವೆ. ಅದರ 20ನೇ ಪ್ರಕರಣ ಆಸ್ಪತ್ರೆಗಳ ಬಗ್ಗೆ ಇದೆ: ಸರ್ಕಾರಿ ಆಸ್ಪತ್ರೆಗಳು "ಸಾಧ್ಯವಾದ ಮಟ್ಟಿಗೆ" ಎಲ್ಲ ಹಿರಿಯರಿಗೆ ಹಾಸಿಗೆ ಒದಗಿಸಬೇಕು, ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ವೃದ್ಧರಿಗೆ ಮೀಸಲಾದ ಸೌಲಭ್ಯ ಇರಬೇಕು, ಅದನ್ನು ವೃದ್ಧರ ಆರೈಕೆಯಲ್ಲಿ ಅನುಭವವಿರುವ ವೈದ್ಯಾಧಿಕಾರಿ ನಡೆಸಬೇಕು. 2010-11ರಲ್ಲಿ ಶುರುವಾದ ಹಿರಿಯರ ಆರೋಗ್ಯ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಯ ವೃದ್ಧರ ವಾರ್ಡ್ ಇರಬೇಕು ಎನ್ನುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್, ಹಾಸಿಗೆ ಹಿಡಿದವರ ಮನೆಗೆ ಭೇಟಿ, ನೋಡಿಕೊಳ್ಳುವವರಿಗೆ ತರಬೇತಿ ಎಲ್ಲವೂ ಆ ಕಾರ್ಯಕ್ರಮದಲ್ಲಿವೆ. ಇಲ್ಲದಿರುವುದು ಒಂದೇ ಸಾಲು: ಈ ಹಾಸಿಗೆಗಳಲ್ಲಿ ಇಷ್ಟು, ಮನೆಯವರ ಬಿಡುವಿಗೆ.

ಎರಡೇ ಹಾಸಿಗೆ ಎಂದುಕೊಳ್ಳೋಣ. ಒಬ್ಬರಿಗೆ ಒಂದು ವಾರ. ವರ್ಷಕ್ಕೆ 52 ವಾರ, ಎರಡು ಹಾಸಿಗೆಯಿಂದ ನೂರು ಮನೆಗಳಿಗೆ ತಲಾ ಒಂದು ವಾರ ಬಿಡುವು. ಗುಡ್ಡಗಾಡಿನಲ್ಲಿ 20,000 ಜನಕ್ಕೊಂದರಂತೆ ಇರಬೇಕಾದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 6 ಹಾಸಿಗೆ ಇರಬೇಕೆಂಬುದು ಮಾನದಂಡ. ಹೆರಿಗೆಗಳೆಲ್ಲ ತಾಲ್ಲೂಕಿಗೂ ಜಿಲ್ಲೆಗೂ ಹೋದ ಮೇಲೆ ಆ ಹಾಸಿಗೆಗಳಲ್ಲಿ ರಾತ್ರಿ ಯಾರಿರುತ್ತಾರೆ ಎಂಬುದನ್ನು ನಿಮ್ಮ ಊರಿನ ಕೇಂದ್ರಕ್ಕೆ ಹೋಗಿ ನೋಡಿ. ಆಯಾಳ ಎರಡು ಪಾಳಿಗೆ ಸಂಬಳ ಕೊಟ್ಟರೆ ಮೂಡಿಗೆರೆಯ ಮೂಲೆಯವರು ಮುದುಕರನ್ನು ಜಿಲ್ಲಾ ಕೇಂದ್ರದವರೆಗೆ ಸಾಗಿಸಬೇಕಾಗಿಲ್ಲ.

ಸದ್ಯಕ್ಕೆ

ಆ ಸಾಲು ಬರುವವರೆಗೆ ಕಾಯಲಾಗದವರಿಗೆ ಕೆಲವು ಮಾತು. ನಿಮ್ಮ ಆಶಾ ಕಾರ್ಯಕರ್ತೆಗೆ, ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಮನೆ ಭೇಟಿಯ ಪಟ್ಟಿಗೆ ಸೇರಿಸಿ ಎಂದು ಹೇಳಿ. ಬಂದವರು ನಿಮ್ಮ ಬಿಪಿ, ಸಕ್ಕರೆಯನ್ನೂ ನೋಡಲಿ. ಹಿರಿಯರ ಸಹಾಯವಾಣಿ 14567ಕ್ಕೆ ನೋಡಿಕೊಳ್ಳುವವರೂ ಕರೆ ಮಾಡಬಹುದು. ಅಣ್ಣ ತಮ್ಮಂದಿರು ಕೈಚೆಲ್ಲಿದ್ದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಇದೆ. ಅಲ್ಲಿ ರಾಜಿ ಮಾತುಕತೆಗೂ ಅವಕಾಶವಿದೆ, ಅರ್ಜಿ ಕೊಡಬೇಕಾದವರು ಮಾತ್ರ ಹಿರಿಯರು ಅಥವಾ ಅವರ ಪರವಾಗಿ ಅವರು ಒಪ್ಪಿದವರು. ದುಡ್ಡು ಕಳಿಸುತ್ತೇನಲ್ಲ ಎನ್ನುವ ತಮ್ಮನಿಗೆ, ದುಡ್ಡಿನ ಜೊತೆ ವರ್ಷಕ್ಕೆ ಹತ್ತು ರಾತ್ರಿ ಕೊಡು ಎಂದು ಕೇಳಲು ಸಂಕೋಚ ಬೇಡ.

ಯಾರಾದರೂ ನಾಲ್ಕು ದಿನ ನೋಡಿಕೊಳ್ಳಲು ಒಪ್ಪಿದರೆ ಒಂದು ಹಾಳೆ ಬರೆದಿಡಿ. ಮಾತ್ರೆಯ ಹೊತ್ತು ಎಲ್ಲರೂ ಬರೆಯುತ್ತಾರೆ. ಗಂಜಿ ಎಷ್ಟು ತೆಳ್ಳಗಿದ್ದರೆ ಕೆಮ್ಮು ಬರುತ್ತದೆ, ಯಾವ ಮಗ್ಗುಲಿನಲ್ಲಿ ಉಸಿರು ಸಲೀಸು, ಕರೆದರೆ ಯಾವ ಹೆಸರಿಗೆ ಕಣ್ಣು ಬಿಡುತ್ತಾರೆ ಎಂಬುದನ್ನೂ ಬರೆಯಿರಿ. ಕನ್ನಡಕ, ಹಲ್ಲಿನ ಸೆಟ್ಟು, ಮನೆಯ ಕಂಬಳಿ ಜೊತೆಯಲ್ಲಿ ಕಳಿಸಿ. ಪರಿಚಿತ ವಾಸನೆಯ ಕಂಬಳಿ ಇದ್ದರೆ ದಿಗಿಲು ಕಡಿಮೆ. ನಮ್ಮಜ್ಜಿಯನ್ನು "ಅಮ್ಮಾ" ಎಂದರೆ ತಿರುಗುತ್ತಿರಲಿಲ್ಲ, "ಅಕ್ಕಯ್ಯ" ಎಂದರೆ ತಿರುಗುತ್ತಿದ್ದಳು. ಇದನ್ನು ಕಂಡುಹಿಡಿದದ್ದು ಆ ಆಯಾ.

ನಿಮ್ಮ ತಾಲ್ಲೂಕಿಗೆ ಎರಡು ಹಾಸಿಗೆ ಕೇಳಲು ಹೋದರೆ, ಇಂಥ ಬೇಡಿಕೆ ಇದೆ ಎಂಬುದಕ್ಕೆ ದಾಖಲೆ ಏನು ಎಂಬ ಪ್ರಶ್ನೆ ಬರುತ್ತದೆ. ಯಾವ ರಿಜಿಸ್ಟರಿನಲ್ಲೂ ಇಲ್ಲದ ಸೌಲಭ್ಯ ಹೋದದ್ದಕ್ಕೆ ದಾಖಲೆ ಸಿಗುವುದು ಕಷ್ಟ. ಅಜ್ಜಿ ತೀರಿಕೊಂಡ ಮೇಲೆ ಬೀರು ಖಾಲಿ ಮಾಡುವಾಗ ಆ ಸಣ್ಣ ಆಸ್ಪತ್ರೆಯ ಏಳು ಡಿಸ್ಚಾರ್ಜ್ ಚೀಟಿಗಳು ರಬ್ಬರ್ ಬ್ಯಾಂಡ್ ಹಾಕಿದಂತೆಯೇ ಸಿಕ್ಕವು. ಏಳರಲ್ಲೂ ಕಾಯಿಲೆಯ ಜಾಗದಲ್ಲಿ "ಜನರಲ್ ವೀಕ್‌ನೆಸ್". ತಾರೀಕುಗಳನ್ನು ಹಿಡಿದು ನಾನೂ ಅಮ್ಮನೂ ಜಗುಲಿಯಲ್ಲಿ ಕೂತೆವು. ಮೂರು ಚೀಟಿ ಡಿಸೆಂಬರಿನವು, ಅರೇಬಿಕಾ ಕಾಫಿ ಕೊಯ್ಲಿನ ದಿನಗಳು. ಒಂದು ನನ್ನ ತಂಗಿಯ ಮದುವೆಯ ವಾರ. ಒಂದು ಅಮ್ಮನ ಕಣ್ಣಿನ ಆಪರೇಷನ್. ಒಂದು ಅವಳ ತಾಯಿ, ಅಂದರೆ ನನ್ನ ಇನ್ನೊಬ್ಬ ಅಜ್ಜಿ, ತೀರಿಕೊಂಡ ಹನ್ನೊಂದು ದಿನ. ಏಳನೆಯದು ಜುಲೈ ತಿಂಗಳದ್ದು. ಅದು ಯಾಕೆಂದು ಅಮ್ಮನಿಗೆ ಬಹಳ ಹೊತ್ತು ನೆನಪಾಗಲಿಲ್ಲ. ಆಮೇಲೆ, "ಆವತ್ತು ಏನೂ ಇರ್ಲಿಲ್ಲ ಕಣೋ, ಸುಮ್ನೆ ಮಲಗಿದ್ದೆ" ಎಂದಳು.